ಉಂಡ ಹೊಟ್ಟೆಯಷ್ಟು ಉಬ್ಬಿದ ಕೊಪ್ಪರಿಗೆ

ಮೊನ್ನೆ ಹೊಸಪೇಟೆಯಿಂದ ಕಂಪ್ಲಿಗೆ ಹೊರಟ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಎಂಜಿನ್ ಪಕ್ಕದ ಸೀಟು. ಕೆಳಗಿನಿಂದ ಡೀಸೆಲ್ ಕಾವು, ಪಕ್ಕದಲ್ಲಿ ಕೂತಾಕೆಯ ಮಡಿಲಲ್ಲಿ ಒಣಮೆಣಸಿನಕಾಯಿ ಚೀಲ. ಇವೆರಡನ್ನೂ ದಾಟಿಕೊಂಡು ಕಬ್ಬಿನ ಹಾಲು ಕುದಿಯುವ ವಾಸನೆ ಬಂದೇ ಬಂತು. ಕಾಲುವೆಯ ಆಚೆ ಎಲ್ಲೋ ಬೆಲ್ಲದ ಒಲೆ ಹೂಡಿದ್ದರು. ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ಮೂಗು ಅರಳಿಸಿದರು. ಆ ವಾಸನೆಗೆ ಎಂಥ ಸಿಡುಕನ ಮುಖವೂ ಸಡಿಲಾಗುತ್ತದೆ. ನಾನು ಮಾತ್ರ ಸೆರಗನ್ನು ಮೂಗಿಗೆ ಹಿಡಿದೆ. ನಮ್ಮ ಮನೆಯ ಅನ್ನ ಹುಟ್ಟಿದ್ದೇ ಆ ವಾಸನೆಯಿಂದ. ಆದರೆ ಈಗ ಅದು ಮೂಗಿಗೆ ಬಡಿದರೆ ನೆನಪಾಗುವುದು ಬೆಲ್ಲವಲ್ಲ, ಪಂಪಣ್ಣ ಕಾಕಾನ ಆರಿಹೋದ ಕುಲುಮೆ. ಅದನ್ನು ಆರಿಸಿದವರಲ್ಲಿ ನಾನೂ ಒಬ್ಬಳು. ಆ ಮಾತನ್ನು ಅವರಿಗೇ ಹೇಳಿಬಿಡಬೇಕೆಂದು ಮೊನ್ನೆ ಹೊರಟಿದ್ದೆ.

ನಮ್ಮದು ಕಬ್ಬಿನ ಗಾಣ ತಯಾರಿಸುವ ಮನೆ. ಅಪ್ಪ ಮೊದಲು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ವೈಷ್ಣವರ ಮನೆಯ ಹುಡುಗ, ಬೆಳಿಗ್ಗೆ ಸಂಧ್ಯಾವಂದನೆ ಮಾಡಿ ಆಮೇಲೆ ಮೊಣಕೈತನಕ ಗ್ರೀಸು ಬಳಿದುಕೊಳ್ಳುತ್ತಾನೆ ಅಂತ ನೆಂಟರು ಆಡಿಕೊಳ್ಳುತ್ತಿದ್ದರಂತೆ. ಅದೇ ಕಾರ್ಖಾನೆಯಲ್ಲಿ ತಗಡು ಬಡಿಯುತ್ತಿದ್ದವರು ಕಂಪ್ಲಿಯ ಪಂಪಣ್ಣ. ಇಬ್ಬರೂ ಒಂದೇ ದಿನ ಕೆಲಸ ಬಿಟ್ಟರು. ಬಿಟ್ಟವರು ನೇರ ಚಹಾದಂಗಡಿಗೆ ಹೋಗಿ ಕೂತು ಪಾಲು ಮಾಡಿಕೊಂಡರು: ಕಬ್ಬು ಅರೆಯುವ ಗಾಣ ನನ್ನದು, ಹಾಲು ಕಾಯಿಸುವ ಕೊಪ್ಪರಿಗೆ ನಿನ್ನದು. ಅಷ್ಟೇ ಕರಾರು. ಸಹಿ ಇಲ್ಲ, ಸಾಕ್ಷಿ ಇಲ್ಲ.

ಆ ಕರಾರು ಅಪ್ಪ ಇರುವವರೆಗೂ ನಡೆಯಿತು. ಗಾಣ ಕೊಳ್ಳಲು ಬಂದ ರೈತನನ್ನು ಅಪ್ಪ ತಾವೇ ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಕಂಪ್ಲಿ ಬಸ್ಸು ಹತ್ತಿಸಿ ಬರುತ್ತಿದ್ದರು. ಕೊಪ್ಪರಿಗೆಗೆಂದು ಕಂಪ್ಲಿಗೆ ಹೋದವನನ್ನು ಕಾಕಾ ಹೊಸಪೇಟೆ ಬಸ್ಸು ಹತ್ತಿಸುತ್ತಿದ್ದರು. ಎರಡು ಮಾಲೂ ಒಂದೇ ಲಾರಿಯಲ್ಲಿ ಊರು ಬಿಡುತ್ತಿದ್ದವು. ಗಾಣದ ಪಕ್ಕೆಯ ಮೇಲೆ ನಮ್ಮ ಮನೆತನದ ಹೆಸರು ಎರಕದಲ್ಲೇ ಮೂಡಿರುತ್ತಿತ್ತು. ಕೊಪ್ಪರಿಗೆಯ ಮೇಲೆ ಏನೂ ಇರುತ್ತಿರಲಿಲ್ಲ.

"ಹೆಸರು ಯಾಕ ಬೇಕು? ಬೆಂಕಿ ಮ್ಯಾಲ ಇಡೂ ಸಾಮಾನು. ನನ್ನ ಹೆಸರು ದಿನಾ ಸುಟ್ಟುಕೋಬೇಕೇನು?" ಎನ್ನುತ್ತಿದ್ದರು ಕಾಕಾ. "ಹೊಳಿ ಈ ದಂಡಿ, ಆ ದಂಡಿ, ಪಂಪಣ್ಣನ ಕೊಪ್ಪರಿಗಿ ಗೊತ್ತಿಲ್ದಾವ ಯಾವನರ ಇದ್ರ ಕರಕೊಂಡ್ಬಾ. ಅವನ್ನ ನಾನರ ನೋಡ್ತೀನಿ."

ಹೀಗೆ ಮಾತಾಡುವ ಮನುಷ್ಯ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎರಡು ಉಂಗುರ, ಮೀಸೆಗೆ ಕಪ್ಪು. ಕುಲುಮೆಯ ಮುಂದೆ ನಿಲ್ಲುವಾಗ ಮಾತ್ರ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದರು. ವಿನಯ ಅನ್ನುವುದು ಅವರ ಓಣಿಯಲ್ಲೂ ಹಾದುಹೋಗಿರಲಿಕ್ಕಿಲ್ಲ. ಚಹಾ ಬಂದರೆ ಕುದಿಯುತ್ತಿರುವಾಗಲೇ ಒಂದೇ ಗುಟುಕಿಗೆ ಮುಗಿಸಿ, "ಆರಿದ ಚಾ ಕುಡಿಯೋರು ಆಫೀಸಿನವರು" ಎಂದು ನನ್ನನ್ನು ಚುಡಾಯಿಸುತ್ತಿದ್ದರು. ಇನ್ನೊಂದು ಹಟ ಇತ್ತು: ಒಲೆ ನೋಡದೆ ಕೊಪ್ಪರಿಗೆ ಬಡಿಯುತ್ತಿರಲಿಲ್ಲ. ಎಷ್ಟೇ ದೂರದ ಊರಾಗಲಿ, ಬಸ್ಸು ಹತ್ತಿ ಹೋಗಿ, ಆ ರೈತ ತೋಡಿದ ಒಲೆಯ ಬಾಯಿ, ಆಳ, ಗಾಳಿ ಬರುವ ದಿಕ್ಕು ನೋಡಿ, ಅವನ ಮನೆಯಲ್ಲಿ ಊಟ ಮಾಡಿ, ಅವನ ಒಲೆಯನ್ನು ಚೆನ್ನಾಗಿ ಬಯ್ದು ಬರುತ್ತಿದ್ದರು. ಆಮೇಲೇ ಸುತ್ತಿಗೆ.

ನಾನು ಹೇಳುತ್ತಿರುವುದು ಅಪ್ಪ ತೀರಿಕೊಂಡ ಮೇಲಿನ, ಎರಡು ಕಬ್ಬಿನ ಹಂಗಾಮುಗಳ ಹಿಂದಿನ ಮಾತು. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುವವಳು. ದಸರೆ ಮುಗಿದ ಮೇಲೆ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಬಜಾರಿನ ಕಲ್ಲು ಮಂಟಪದ ಮೇಲೆ ಹತ್ತಿ, ಇಲ್ಲಿ ಹಿಂದೆ ಎಂಥ ವ್ಯಾಪಾರ ನಡೆಯುತ್ತಿತ್ತು ಗೊತ್ತಾ ಎಂದು ಹಿಮ್ಮುಖವಾಗಿ ನಡೆಯುತ್ತ ವಿವರಿಸುವಾಗ ಕಾಲು ಜಾರಿತು. ನನ್ನ ಪಾಠಗಳಲ್ಲಿ ಮಕ್ಕಳಿಗೆ ನೆನಪುಳಿದದ್ದು ಅದೊಂದೇ. ಹಿಮ್ಮಡಿಯ ಮೇಲಿನ ಮೂಳೆ ಸೀಳಿತ್ತು. ಪ್ಲಾಸ್ಟರು, ರಜೆ. ಮನೆಯಲ್ಲಿ ಗೋಡೆ ನೋಡುತ್ತ ಕೂರುವ ಬದಲು ಅಣ್ಣನ ವರ್ಕ್‌ಶಾಪಿನ ಆಫೀಸಿನಲ್ಲಿ, ಬೇರಿಂಗ್ ಡಬ್ಬಿಯ ಮೇಲೆ ಕಾಲು ಚಾಚಿ ಕೂರತೊಡಗಿದೆ.

ಅಣ್ಣ ಗುರುರಾಜ ಗಾಣ ಚೆನ್ನಾಗಿ ಮಾಡುತ್ತಾನೆ, ಮಾರುವುದು ಅವನಿಗೆ ಬರುವುದಿಲ್ಲ. ಅಪ್ಪನ ಕಾಲದಲ್ಲಿ ಮಾರುವುದೇ ಇರಲಿಲ್ಲ, ಜನ ತಾವಾಗಿ ಬರುತ್ತಿದ್ದರು. ಆ ವರ್ಷ ಹಂಗಾಮು ಹತ್ತಿರ ಬಂದರೂ ಶೆಡ್ಡಿನ ತುಂಬ ಬಣ್ಣ ಬಳಿದ ಗಾಣಗಳು ನಿಂತೇ ಇದ್ದವು. ಹೀಗಿರುವಾಗ ಸಂಡೂರಿನಿಂದ ಒಬ್ಬರು ಬಂದರು. ಅದಿರಿನ ಲಾರಿ ಓಡಿಸಿ ದುಡ್ಡು ಮಾಡಿ, ಈಗ ಕಬ್ಬು ಹಾಕಿದ್ದವರು. ಜೀಪಿನ ಮೇಲೆಲ್ಲ ಕೆಂಪು ಧೂಳು. ಹಿಂದಿನ ಸೀಟಿನಲ್ಲಿ ಮುರಿದ ಗಿಯರ್ ಚಕ್ರ.

"ತಮಿಳುನಾಡಿನ ಗಾಣರೀ. ಹೋದ ವರ್ಷ ತರಿಸಿದ್ದೆ. ರಿಪೇರಿ ಮಾಡಿಕೊಡ್ತೀರೇನು?" ಎಂದರು.

ಅಣ್ಣ ಚಕ್ರ ತಿರುಗಿಸಿ ನೋಡುತ್ತ, "ಇಲ್ಲೇ ನಾವು ಇದ್ವೆಲ್ಲ, ಅಷ್ಟು ದೂರದಿಂದ ಯಾಕ ತರಿಸಿದ್ರಿ?" ಎಂದು ಕೇಳಿದ.

"ಫೋನ್ನಾಗ ಕೇಳಿದ್ನಿರಿ. ಹೊಸಪೇಟಿ ಕಡೆ ಗಾಣ ಮಾಡೋರು ಯಾರೂ ಇಲ್ಲ ಅಂತು."

"ಈಗ ನೀವು ನಿಂತದ್ದು ಯಾವ ಊರಾಗ್ರಿ ಮತ್ತ?"

ಅವರು ಸುತ್ತ ನಿಂತ ಗಾಣಗಳನ್ನು ಒಮ್ಮೆ ನೋಡಿದರು. "ಅದು ಖರೇರಿ. ಆದ್ರ ಫೋನ್ ಹಂಗಂತು ನೋಡ್ರಿ," ಎಂದರು. ತಪ್ಪು ಗಾಣಗಳದ್ದೇ ಎನ್ನುವ ಧಾಟಿಯಲ್ಲಿತ್ತು ಆ ಮಾತು.

ಅವತ್ತು ಅಣ್ಣ ಊಟ ಬಿಟ್ಟ. ಮೂಲೆಯಲ್ಲಿ ಕೂತು ತನ್ನ ಫೋನನ್ನು ನಾನಾ ರೀತಿಯಲ್ಲಿ ಕೇಳಿದ: ಕಬ್ಬಿನ ಗಾಣ ಎಲ್ಲಿ ಸಿಗುತ್ತದೆ, ಒಳ್ಳೇ ಗಾಣ ಯಾವುದು, ಬಳ್ಳಾರಿ ಕಡೆ ಯಾರು ಮಾಡುತ್ತಾರೆ. ಅದು ಬಹಳ ಮರ್ಯಾದೆಯಿಂದ, ತಾಳ್ಮೆಯಿಂದ, ಪ್ರತಿ ಸಲವೂ ಬೇರೆಯವರ ಹೆಸರನ್ನೇ ಹೇಳಿತು. "ನಾವು ಸತ್ತೇವೇನು ಸುಧಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ.

ನಾನು ತರಗತಿಯಲ್ಲಿ ಮಾರ್ಕೆಟಿಂಗ್ ಪಾಠ ಮಾಡುತ್ತ ಬಂದವಳು, ಹಳೇ ಗೈಡು ನೋಡಿಕೊಂಡು. ಆಗ ಮಾತ್ರ ಕೂತು ಸರಿಯಾಗಿ ಓದಿದೆ. ಮೊದಲು ಜನ ಹುಡುಕಿದರೆ ಹೆಸರುಗಳ ಒಂದು ಉದ್ದ ಸಾಲು ಬರುತ್ತಿತ್ತು. ಅವರಲ್ಲಿ ನಿಮಗೆ ಬೇಕಾದವರನ್ನು ನೀವೇ ಆರಿಸಿಕೊಳ್ಳಬೇಕು. ಈಗ ಹಾಗಲ್ಲ. ರೈತ ಹೊಲದಲ್ಲಿ ನಿಂತು ಬಾಯಲ್ಲೇ ಪೂರ್ತಿ ಪ್ರಶ್ನೆ ಕೇಳುತ್ತಾನೆ. ಯಂತ್ರ ಎಲ್ಲ ಕಡೆ ಓದಿಕೊಂಡು ಬಂದು ತನ್ನದೇ ಮಾತಿನಲ್ಲಿ ಒಂದೇ ಉತ್ತರ ಹೇಳುತ್ತದೆ, ಅದರಲ್ಲಿ ಒಂದೋ ಎರಡೋ ಹೆಸರು. ಆ ಉತ್ತರದಲ್ಲಿ ಇಲ್ಲದವರು ಊರಲ್ಲೇ ಇಲ್ಲ. ಯಾರು ಜನರ ಪ್ರಶ್ನೆಗೆ ತಿಳಿಯಾಗಿ, ಪೂರ್ತಿಯಾಗಿ ಬರೆದಿಟ್ಟಿರುತ್ತಾರೋ ಅವರ ಮಾತನ್ನು ಅದು ಹೆಚ್ಚಾಗಿ ಎತ್ತಿಕೊಳ್ಳುತ್ತದೆ.

ನಮ್ಮ ವೆಬ್‌ಸೈಟಿನಲ್ಲಿ ಇದ್ದದ್ದು ಒಂದು ಗಾಣದ ಫೋಟೋ, ಮೇಲೊಂದು ವೆಂಕಟರಮಣನ ಫೋಟೋ. ಏನಾದರೂ ಬರೆಯೋಣ ಹೇಳು ಎಂದರೆ ಅಣ್ಣ, "ಗಾಣ ಗಟ್ಟಿ ಅದ. ಬೇಕಾದ್ರ ಫೋನ್ ಮಾಡ್ರಿ ಅಂತ ಬರಿ," ಎಂದ. ಅದರ ಮೇಲೆ ಒಂದಕ್ಷರ ಅವನ ಬಾಯಿಂದ ಬರಲಿಲ್ಲ.

ಮಾತು ಬೇಕೆಂದರೆ ಇದ್ದವರು ಪಂಪಣ್ಣ ಕಾಕಾ. ಹೊಸಪೇಟೆಗೆ ತಗಡು ಒಯ್ಯಲು ಬಂದಾಗಲೆಲ್ಲ ನನ್ನ ಮುರಿದ ಕಾಲು ನೋಡಿ ಹೋಗುವ ನೆಪದಲ್ಲಿ ಎದುರು ಕೂರುತ್ತಿದ್ದರು. ನಾನು ಕೇಳಿದೆ, ಅವರು ಹೇಳಿದರು, ನನ್ನ ಫೋನು ಮೇಜಿನ ಮೇಲೆ ಕೂತು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿತು. ಬೆಲ್ಲ ಯಾಕೆ ಕಪ್ಪಾಗುತ್ತದೆ, ತಳ ಯಾಕೆ ಹಿಡಿಯುತ್ತದೆ, ಕಬ್ಬಿನ ಒಣಗರಿ ರವದಿಯ ಉರಿ ಎಷ್ಟು ಸಾಕು. ಅರ್ಧ ಜಂಬ, ಅರ್ಧ ಜ್ಞಾನ. ಯಾವುದು ಯಾವುದೆಂದು ಬೇರೆ ಮಾಡಲು ಬರುತ್ತಿರಲಿಲ್ಲ.

"ತಳಾ ಸಪಾಟ ಇದ್ರ ಹಾಲು ನಿಂತಲ್ಲೇ ನಿಂತು ಸುಡತೈತಿ. ಅದಕ್ಕ ಹೊಟ್ಟಿ ಇರಬೇಕು. ಆದ್ರ ಬಸರಿ ಹೊಟ್ಟಿ ಅಲ್ಲವ್ವ, ಉಂಡ ಹೊಟ್ಟಿ. ಚಲೋ ಊಟಾ ಮಾಡಿ ಎದ್ದವನ ಹೊಟ್ಟಿ ಎಷ್ಟು ಉಬ್ಬಿರತೈತಿ, ಅಷ್ಟ ಉಬ್ಬಬೇಕು," ಎಂದು ತಮ್ಮದೇ ಹೊಟ್ಟೆಯನ್ನು ತಟ್ಟಿ ತೋರಿಸಿದರು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಬರೆದೆ: "ಒಳ್ಳೆಯ ಕೊಪ್ಪರಿಗೆಯ ತಳ ಸಪಾಟಾಗಿರಬಾರದು. ಉಂಡು ಎದ್ದವನ ಹೊಟ್ಟೆಯಷ್ಟು ಹಿತವಾಗಿ ಉಬ್ಬಿರಬೇಕು." ಅವರ ಮಾತಿಗೆ ನಾನು ಮಾಡಿದ ಉಪಕಾರ ಇಷ್ಟೇ, ಇಸ್ತ್ರಿ ಹೊಡೆದದ್ದು.

ಪುಟದ ಕೊನೆಗೆ ಒಂದು ಸಾಲು ಸೇರಿಸಿದ್ದೆ: ಕೊಪ್ಪರಿಗೆಗಾಗಿ ಕಂಪ್ಲಿಯ ಪಂಪಣ್ಣನವರನ್ನು ಕಾಣಿರಿ. ಅಪ್ಪ ಬಸ್ಸು ಹತ್ತಿಸುತ್ತಿದ್ದರಲ್ಲ, ಅದೇ ಕೆಲಸ ಆ ಸಾಲಿನದು.

ಅಣ್ಣ ಓದಿ ತಲೆ ಕೆರೆದುಕೊಂಡ. "ಇದೊಂದು ಬ್ಯಾಡ. ನಾವ ಬ್ಯಾರೆ ಕಡೆ ಹೋಗ್ರಿ ಅಂತ ಬರದ್ರ ಆ ಯಂತ್ರನೂ ಬ್ಯಾರೆ ಕಡೆ ಕಳಸ್ತದ. ಗಾಣ, ಕೊಪ್ಪರಿಗಿ ಎರಡೂ ಒಂದೇ ಕಡೆ ಸಿಗ್ತಾವ ಅಂತ ಬರಿ. ಸುಳ್ಳೇನದ ಅದರಾಗ? ಆರ್ಡರ್ ಬಂದ್ರ ಕಾಕಾಗ ಕೊಡೂದ ಅದನಲ್ಲ."

ಅವನ ಮಾತಿನಲ್ಲಿ ನಿಜವಾಗಿಯೂ ಕೆಟ್ಟ ಉದ್ದೇಶ ಇರಲಿಲ್ಲ, ನನ್ನ ಬೆರಳಿನಲ್ಲೂ ಇರಲಿಲ್ಲ. ಆ ಸಾಲನ್ನು ಅಳಿಸಿದೆ. "ಅಪ್ಪ ಇದ್ದಿದ್ದರೆ" ಎಂದು ಒಮ್ಮೆ ಬಾಯಿಗೆ ಬಂತು. ಅಪ್ಪ ಇದ್ದಿದ್ದರೆ ವೆಬ್‌ಸೈಟೇ ಇರುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕನ್ನಡದಲ್ಲಿ ಬರೆದದ್ದನ್ನು ಇಂಗ್ಲಿಷಿಗೂ ಮರಾಠಿಗೂ ಮಾಡಿಸಿ ಹಾಕಿದೆ.

ಚಳಿ ಬಿದ್ದು, ಕಾಲುವೆ ಪಕ್ಕದ ಕಬ್ಬು ಕಡಿಯಲು ಶುರುವಾದ ಹೊತ್ತಿಗೆ ಫೋನುಗಳು ಬರತೊಡಗಿದವು. ಮೊದಲನೆಯದು ಮುಧೋಳದ ಕಡೆಯಿಂದ. "ಫೋನ್ನಾಗ ಕೇಳಿದ್ನಿರಿ, ನಿಮ್ಮ ಹೆಸರು ಹೇಳ್ತು," ಎಂದ ಆತ. ಅಣ್ಣ ಪೇಢೆ ತರಿಸಿ ಕೆಲಸಗಾರರಿಗೆಲ್ಲ ಹಂಚಿದ. ಆಮೇಲೆ ಮಹಾಲಿಂಗಪುರ, ಗಡಿಯಾಚೆಯ ಮಹಾರಾಷ್ಟ್ರ, ನಾವು ಹೆಸರೂ ಕೇಳದ ಊರುಗಳು. ಕೆಲವರು ಗಾಣದ ಮಾತೇ ಎತ್ತುತ್ತಿರಲಿಲ್ಲ. "ಆ ಉಂಡ ಹೊಟ್ಟೀ ಕೊಪ್ಪರಿಗಿ ಐತೆಲ್ರಿ, ಅದು ಬೇಕು," ಎನ್ನುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು, ಹೇಳಲು ನಾಚಿಕೆಯಾದರೂ. ಇಪ್ಪತ್ತು ವರ್ಷ ಪಾಠ ಮಾಡಿದ ನನ್ನ ಒಂದು ವಾಕ್ಯವನ್ನೂ ಯಾರೂ ತಿರುಗಿ ನನಗೆ ಹೇಳಿರಲಿಲ್ಲ. ಈಗ ಗುರುತಿಲ್ಲದ ಊರಿನ ಗುರುತಿಲ್ಲದ ಜನ ನಾನು ಬರೆದ ಸಾಲನ್ನು ಬಾಯಲ್ಲಿ ಇಟ್ಟುಕೊಂಡು ಫೋನ್ ಮಾಡುತ್ತಿದ್ದರು. ನನಗೆ ತಲೆ ತಿರುಗಿತ್ತು. ಆ ಸಾಲು ಯಾರದು ಎನ್ನುವುದು ಒಂದೊಂದು ಸಲ ನನಗೇ ಮರೆಯುತ್ತಿತ್ತು.

ಮೊದಮೊದಲು ಕೊಪ್ಪರಿಗೆಯ ಆರ್ಡರುಗಳು ಕಂಪ್ಲಿಗೇ ಹೋದವು. ಕಾಕಾ ಖುಷಿಯಿಂದ ಅಂಗಿ ಇಸ್ತ್ರಿ ಮಾಡಿಸಿಕೊಂಡು ಒಲೆ ನೋಡಲು ಬಸ್ಸು ಹತ್ತಿದರು. ಮುಧೋಳಕ್ಕೆ ಹೋಗಿ, ಒಲೆ ಬಯ್ದು, ಊಟ ಮಾಡಿ ಬಂದರು. ಬರುವಷ್ಟರಲ್ಲಿ ಇತ್ತ ಇನ್ನಷ್ಟು ಜನ ಕಾಯುತ್ತ ಕೂತಿದ್ದರು.

"ಕಾಕಾ, ಅವರು ಒಲಿ ಫೋಟೋ ಕಳಿಸ್ಯಾರ. ಫೋಟೋ ನೋಡಿ ಬಡೀರಿ," ಎಂದು ಅಣ್ಣ ಕೈ ಮುಗಿದ.

"ಫೋಟೋದಾಗ ಗಾಳಿ ಕಾಣತೈತೇನಲೇ?" ಎಂದರು ಕಾಕಾ.

ಅಣ್ಣ ಸಿಟ್ಟಾಗಲಿಲ್ಲ. ಎದ್ದು ಹೊರಗೆ ಹೋಗಿ ಯಾರಿಗೋ ಫೋನ್ ಹಚ್ಚಿದ. ಒಂದು ದಿನ ಮಧ್ಯಾಹ್ನ ಹೊರಗಿನ ರಾಜ್ಯದ ಲಾರಿಯೊಂದು ಬಂದು ನಮ್ಮ ಶೆಡ್ಡಿನ ಮುಂದೆ ನಿಂತಿತು. ಒಂದರೊಳಗೊಂದು ಕೂರಿಸಿದ ಕೊಪ್ಪರಿಗೆಗಳು, ಯಂತ್ರದಲ್ಲಿ ಒತ್ತಿದವು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನಾನು ಕುಂಟುತ್ತ ಹೋಗಿ ಒಂದರ ತಳದ ಮೇಲೆ ಅಂಗೈ ಇಟ್ಟೆ. ಸಪಾಟು.

"ಇವಕ್ಕ ಹೊಟ್ಟಿ ಇಲ್ಲಲ್ಲೋ," ಎಂದೆ. "ನಾವು ಬರದದ್ದು ಬ್ಯಾರೆ ಅದ."

"ಯಾರು ಕೈಯಿಟ್ಟು ನೋಡ್ತಾರ ಸುಧಾ? ಎಲ್ಲಾ ಕಡೆ ಇವನ್ನ ಮಾರ್ಲಿಕ್ಕತ್ತಾರ. ಬರದದ್ದು ಹಂಗ ಇರ್ಲಿ, ಅದನ್ನ ಕೇಳೇ ಜನಾ ಬರ್ತಾರ. ಹತ್ತಿರದವರಿಗೆ ಕಾಕಾನ ಮಾಲು, ದೂರದವರಿಗೆ ಇದು. ಎಲ್ಲರಿಗೂ ಆತಲ್ಲ."

ಆಗ ನಾನು ಜಗಳ ಆಡಬಹುದಿತ್ತು. ಪುಟ ನನ್ನ ಕೈಯಲ್ಲೇ ಇತ್ತು, ಅಳಿಸಿದ ಸಾಲನ್ನು ತಿರುಗಿ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಶೆಡ್ಡು ಖಾಲಿಯಾಗುತ್ತಿತ್ತು, ಅಣ್ಣ ನೆಟ್ಟಗೆ ಊಟ ಮಾಡುತ್ತಿದ್ದ, ಕೆಲಸಗಾರರಿಗೆ ಹಬ್ಬಕ್ಕೆ ಬಟ್ಟೆ ಬಂದಿತ್ತು. ಹಾಳಾದ ಪ್ಲಾಸ್ಟರು ಬಿಚ್ಚಲಿ, ಕಾಲೇಜಿಗೆ ಹೋಗುವ ಮೊದಲು ಒಮ್ಮೆ ಎಲ್ಲ ಸರಿ ಮಾಡೋಣ ಎಂದು ಮುಂದೂಡಿದೆ. ಪ್ಲಾಸ್ಟರು ಬಿಚ್ಚಿತು, ಕಾಲೇಜಿಗೂ ಹೋದೆ, ಸರಿ ಮಾಡುವುದು ಹಾಗೇ ಉಳಿಯಿತು.

ಹತ್ತಿರದವರಿಗೆ ಕಾಕಾನ ಮಾಲು ಎಂದ ಅಣ್ಣನ ಲೆಕ್ಕವೂ ನಿಲ್ಲಲಿಲ್ಲ. ಹತ್ತಿರದವರೂ ಫೋನನ್ನೇ ಕೇಳುತ್ತಿದ್ದರು. ಸಿರುಗುಪ್ಪದವನೂ ಗಂಗಾವತಿಯವನೂ, ಅವರಪ್ಪಂದಿರು ಪಂಪಣ್ಣನ ಕೊಪ್ಪರಿಗೆಯಲ್ಲೇ ಬೆಲ್ಲ ಕಾಯಿಸಿದವರಾದರೂ, ಕಂಪ್ಲಿ ದಾಟಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಹೊಳೆಯುವುದನ್ನು ನೋಡಿ ಅದನ್ನೇ ಲಾರಿಗೆ ಏರಿಸುತ್ತಿದ್ದರು.

ಶಿವರಾತ್ರಿಯ ಆಸುಪಾಸು, ಬಿಸಿಲು ಚುರುಕಾಗತೊಡಗಿದ ಒಂದು ಭಾನುವಾರ ನಾನು ಆಫೀಸಿನಲ್ಲಿದ್ದೆ. ಕಾಕಾ ಬಂದರು. ಕೈಯಲ್ಲಿ ಹೊಸ ಫೋನು. ಮಗಳು ಕೊಡಿಸಿದ್ದಂತೆ.

"ಸುಧವ್ವ, ಈಗಿನ ಮಂದಿ ಎಲ್ಲಾ ಇದನ್ನ ಕೇಳ್ತಾರಂತ. ನನಗೂ ಕೇಳಾಕ ಕಲಿಸು," ಎಂದು ಎದುರು ಕೂತರು. ನಾನು ಗುಂಡಿ ಒತ್ತಿ ಅವರ ಬಾಯಿಯ ಹತ್ತಿರ ಹಿಡಿದೆ. ಅವರು ಗಂಟಲು ಸರಿಮಾಡಿಕೊಂಡು, ಸಾಹೇಬರ ಮುಂದೆ ಮಾತಾಡುವವರ ಹಾಗೆ ಕೇಳಿದರು: "ಚಲೋ ಕೊಪ್ಪರಿಗಿ ಯಾರು ಮಾಡ್ತಾರ್ರಿ?"

ಫೋನಿನ ಹೆಂಗಸಿನ ಧ್ವನಿ ಶುದ್ಧ ಕನ್ನಡದಲ್ಲಿ ಶುರುಮಾಡಿತು. ಹೊಸಪೇಟೆಯ ಗಾಣ ತಯಾರಕರು ಕೊಪ್ಪರಿಗೆಗಳಿಗೂ ಹೆಸರುವಾಸಿ ಎಂದಿತು. ಅವರ ಕೊಪ್ಪರಿಗೆಯ ತಳ ಸಪಾಟಾಗಿರುವುದಿಲ್ಲ, ಉಂಡು ಎದ್ದವನ ಹೊಟ್ಟೆಯಷ್ಟು ಹಿತವಾಗಿ ಉಬ್ಬಿರುತ್ತದೆ ಎಂದಿತು. ರವದಿಯ ಉರಿ, ಗಾಳಿಯ ದಿಕ್ಕು, ಒಂದನ್ನೂ ಬಿಡದೆ ಹೇಳಿತು. ಕಾಕಾ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ನಿಧಾನವಾಗಿ ತಲೆ ಆಡಿಸಿದರು.

"ಖರೇ ಹೇಳತೈತಿ. ಒಂದೂ ತಪ್ಪಿಲ್ಲ," ಎಂದರು. "ಇದಕ್ಕ ಯಾರು ಹೇಳಿಕೊಟ್ರವ್ವ?"

ಅಷ್ಟರಲ್ಲಿ ಚಹಾ ಬಂತು. ನನಗೆ ಅದರ ಲೋಟ ಇಸಿದುಕೊಳ್ಳುವ ನೆಪ ಸಿಕ್ಕಿತು. "ಅದು ಎಲ್ಲಾ ಕಡೆಯಿಂದ ಓದಿಕೊಂಡು ಹೇಳ್ತದ ಕಾಕಾ," ಎಂದೆ. ಆ ಮಾತು ಸುಳ್ಳಲ್ಲ. ಅದಕ್ಕೇ ಅದು ನನ್ನನ್ನು ಇನ್ನೂ ಚುಚ್ಚುತ್ತದೆ.

"ಹಂಗೇನು," ಎಂದರು. ಫೋನನ್ನು ನನ್ನ ಕಡೆ ತಳ್ಳಿ, "ಕಂಪ್ಲಿ ಪಂಪಣ್ಣ ಅಂತ ಕೇಳು ನೋಡೂಣು," ಎಂದರು. ಕೇಳಿದೆ. ಆ ಹೆಸರಿನ ಕೊಪ್ಪರಿಗೆ ತಯಾರಕರ ಬಗ್ಗೆ ಮಾಹಿತಿ ಸಿಗಲಿಲ್ಲ, ಕ್ಷಮಿಸಿ ಎಂದಿತು. ಕಾಕಾ ನಕ್ಕರು. "ನಾ ಇಲ್ಲಂತ," ಎಂದು ಲೋಟ ಕೈಗೆತ್ತಿಕೊಂಡರು. ಕುದಿಯುವ ಚಹಾ ಒಂದೇ ಗುಟುಕಿಗೆ ಮುಗಿಸುವ ಮನುಷ್ಯ ಅವತ್ತು ಗುಟುಕು ಗುಟುಕಾಗಿ, ಮೇಲೆ ಕೆನೆ ಕಟ್ಟುವ ತನಕ ಕುಡಿದರು. ನಾನು ಮೇಜಿನ ಮೇಲಿನ ಪೇಪರುಗಳನ್ನು ಜೋಡಿಸಿದೆ, ಮತ್ತೆ ಕೆದರಿ ಮತ್ತೆ ಜೋಡಿಸಿದೆ. ಅವರು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವರನ್ನು ಬಸ್ಸು ಹತ್ತಿಸಿ ಬರಲೂ ನಾನು ಏಳಲಿಲ್ಲ.

ಯುಗಾದಿ ಹೊತ್ತಿಗೆ ಕಾಕಾ ಕುಲುಮೆ ನಿಲ್ಲಿಸಿದರು ಎಂದು ಅಣ್ಣ ಬಂದು ಹೇಳಿದ. ಅವನಿಗೂ ಮುಖ ಸಣ್ಣದಾಗಿತ್ತು. "ಶೆಡ್ಡು ಖಾಲಿ ಬೀಳ್ತದ. ನಾವ ಬಾಡಗಿಗೆ ತಗೊಂಡು ಮಾಲು ಇಡೋಣು. ಕಾಕಾನೇ ಬೀಗದ ಕೈ ಇಟ್ಟುಕೊಂಡು ನೋಡಿಕೊಳ್ಳಲಿ. ಅವರಿಗೂ ಹೊತ್ತು ಹೋಗ್ತದ," ಎಂದ. ಅದನ್ನು ಅವನು ಉಪಕಾರವೆಂದೇ ತಿಳಿದಿದ್ದ. ಹಾಗೆ ಹೊರಗಿನಿಂದ ಬಂದ ಸಪಾಟು ಕೊಪ್ಪರಿಗೆಗಳು ಪಂಪಣ್ಣನ ಕುಲುಮೆಯ ಜಾಗದಲ್ಲೇ ಸಾಲಾಗಿ ಕೂತವು.

ಹೋದ ವರ್ಷ ನನಗೆ ತಡೆಯಲಾಗದೆ, ಅಣ್ಣನನ್ನು ಕೇಳದೆ, ಅಳಿಸಿದ್ದ ಸಾಲನ್ನು ತಿರುಗಿ ಬರೆದೆ. ಸಾಲದೆಂದು ಕಾಕಾನ ಹೆಸರಿನಲ್ಲೇ ಒಂದು ಪುಟ ಬರೆದೆ. ಅಷ್ಟು ಹೊತ್ತಿಗೆ ನನ್ನ ಹಳೆಯ ವಾಕ್ಯಗಳನ್ನು ಊರೂರಿನ ಮಾರಾಟಗಾರರು ನಕಲು ಮಾಡಿ ತಮ್ಮ ತಮ್ಮ ಪುಟಗಳಿಗೆ ಹಾಕಿಕೊಂಡಿದ್ದರು. ಉಂಡ ಹೊಟ್ಟೆ ಎಲ್ಲರದೂ ಆಗಿತ್ತು. ಯಂತ್ರಕ್ಕೆ ಅಷ್ಟು ಜನರ ನಡುವೆ ನನ್ನ ಹೊಸ ಪುಟ ಕಾಣಲಿಲ್ಲವೋ, ಕಂಡರೂ ನಂಬಲಿಲ್ಲವೋ. ಕೆಲವು ತಿಂಗಳು ಬಿಟ್ಟು ಕೇಳಿದಾಗ ಒಂದು ಬದಲಾವಣೆ ಆಗಿತ್ತು. ಕಂಪ್ಲಿಯ ಗೋದಾಮಿನ ವಿಳಾಸವೆಂದು ಅಣ್ಣ ನಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದ ಎರಡು ಸಾಲನ್ನು ಅದು ಓದಿಕೊಂಡಿತ್ತು. ಕಂಪ್ಲಿಯ ಪಂಪಣ್ಣನವರು ಹೊಸಪೇಟೆಯ ಗಾಣ ತಯಾರಕರ ಗೋದಾಮು ನೋಡಿಕೊಳ್ಳುವವರು ಎಂದಿತು.

ಅದನ್ನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಇರಲಾಗಲಿಲ್ಲ. ಇರಲಾಗಲಿಲ್ಲ ಎನ್ನುತ್ತೇನೆ, ಆದರೂ ಬಸ್ಸು ಹತ್ತಲು ಇಷ್ಟು ದಿನ ಬೇಕಾಯಿತು.

ಮೊನ್ನೆ ಕಂಪ್ಲಿಯಲ್ಲಿ ಇಳಿದು ಶೆಡ್ಡಿಗೆ ಹೋದಾಗ ಕಾಕಾ ಗಿರಾಕಿಯ ಜೊತೆ ನಿಂತಿದ್ದರು. ಗಂಗಾವತಿ ಕಡೆಯ ಯುವಕ, ಟ್ರ್ಯಾಕ್ಟರ್ ತಂದಿದ್ದ. ಕಾಕಾನ ಅಂಗಿ ಬಿಳಿಯದೇ, ಇಸ್ತ್ರಿ ಇರಲಿಲ್ಲ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈಸನ್ನೆಯಲ್ಲೇ ಕೂರಲು ಹೇಳಿ, ಮಾತು ಮುಂದುವರಿಸಿದರು.

"ಕೊಪ್ಪರಿಗಿ ಅಂದ್ರ ಹೊಟ್ಟಿ ಇರಬೇಕಪ್ಪ. ಬಸರಿ ಹೊಟ್ಟಿ ಅಲ್ಲ, ಉಂಡ ಹೊಟ್ಟಿ," ಎಂದು ಹೇಳುತ್ತಿದ್ದರು. ಮುಂದಿದ್ದ ಸಪಾಟು ಮಾಲಿನ ಕಡೆ ನೋಡದೆ, ಗೋಡೆಯ ಕಡೆ ನೋಡುತ್ತ ಹೇಳುತ್ತಿದ್ದರು. ಯುವಕ ನಕ್ಕ.

"ಅಜ್ಜಾರ, ಫೋನ್ನಾಗೂ ಇದನ್ನ ಹೇಳ್ತಲ್ಲ. ಕೇಳಿ ಕೇಳಿ ಬಾಯಿಪಾಠ ಮಾಡೀರೇನ್ರಿ?"

ಕಾಕಾ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

"ಹೂನಪ್ಪ," ಎಂದರು. "ಈ ಅಕ್ಕಾರು ಬರದದ್ದು. ನಮ್ಮ ಮಾಲಕರ ತಂಗಿ."

ಯುವಕ ನನಗೆ ಕೈ ಮುಗಿದ. "ಭಾಳ ಮಸ್ತ್ ಬರದೀರಿ ಅಕ್ಕಾರ."

ನಾನು ಎದ್ದು ನಿಂತೆ. ಇದನ್ನು ಹೇಳಲೆಂದೇ ಬಂದದ್ದು. "ನಾ ಬರದದ್ದಲ್ಲಪ್ಪ," ಎಂದೆ. "ಮಾತು ಇವರದು. ಒಂದೊಂದು ಅಕ್ಷರಾನೂ ಇವರದು. ಈ ಭಾಗದಾಗ ಕೊಪ್ಪರಿಗಿ ಮಾಡ್ತಿದ್ದವರು ಇವರ. ನಾವಲ್ಲ."

"ದೊಡ್ಡ ಮನುಷ್ಯಾರು ಹಂಗ ಅಂತೀರಿ ಬಿಡ್ರಿ," ಎಂದು ಆತ ಮತ್ತೂ ನಕ್ಕ. ಹೊಳೆಯುವ ಕೊಪ್ಪರಿಗೆಯೊಂದನ್ನು ಆರಿಸಿ ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋದ.

ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ಅಂಗಿ ನೇತುಹಾಕುವ ಮೊಳೆ ಗೋಡೆಯಲ್ಲಿ ಹಾಗೇ ಇತ್ತು. "ಕಾಕಾ, ನಿಮಗ ಗೊತ್ತಿತ್ತೇನು?" ಎಂದಷ್ಟೇ ಕೇಳಿದೆ.

"ಉಂಡ ಹೊಟ್ಟಿ ಅಂತ ನಾ ಇನ್ನ್ಯಾರ ಮುಂದ ಹೇಳೀನವ್ವ? ಆ ಮಾತು ಫೋನ್ನಾಗ ಬಂದ ಕೂಡಲೇ ಗೊತ್ತಾತು." ಹೆಗಲ ಮೇಲಿನ ಟವೆಲ್ಲಿನಿಂದ ಒಂದು ಕೊಪ್ಪರಿಗೆಯ ಧೂಳು ಒರೆಸಿದರು. "ನೀ ಹೇಳ್ತಿ ಅಂತನ ಕೇಳಿದ್ದೆ, ಯಾರು ಹೇಳಿಕೊಟ್ರು ಅಂತ. ಚಾ ಆರೂತನಕ ಕುಂತಿದ್ದೆ."